ಅಪ್ಪನ ಗಂಟಲಿಗೆ ಏಳು ತಂತಿ

ಅಪ್ಪನ ಧ್ವನಿಪೆಟ್ಟಿಗೆಯನ್ನು ಕೊಯಮತ್ತೂರಿನ ಆಸ್ಪತ್ರೆಯಲ್ಲಿ ತೆಗೆದರು. ಗಂಟಲಲ್ಲಿ ಬೆಳೆದ ಗಂಟಿನ ಜೊತೆ ಅದೂ ಹೋಯಿತು, ಜೀವ ಉಳಿಯಿತು. ಹೀಗಾಗುತ್ತದೆ ಎಂದು ಡಾಕ್ಟರು ತಮಿಳಿನಲ್ಲಿ ಮೊದಲೇ ಬಿಡಿಸಿ ಹೇಳಿದ್ದರು. ಅಪ್ಪನಿಗೆ ತಮಿಳು ಚೆನ್ನಾಗಿಯೇ ಬರುತ್ತದೆ. ಆದರೂ ನನ್ನ ಕಡೆ ತಿರುಗಿ, "ಏನಂತವ್ವ ಅವ್ರು?" ಎಂದು ಕೇಳಿದ. ಅದೇ ಮಾತು ಕನ್ನಡದಲ್ಲಿ ಬೇರೆಯಾಗಿ ಕೇಳಿಸಬಹುದು ಎಂಬ ಆಸೆ ಇತ್ತೇನೋ. ನಾನು ಕನ್ನಡದಲ್ಲಿ ಹೇಳಿದೆ. ಅದು ಬೇರೆಯಾಗಲಿಲ್ಲ.

ತಮಿಳುನಾಡಿಗೆ ಸೇರಿದ ನಮ್ಮ ದೊಡ್ಡಗಾಜನೂರಿನಲ್ಲಿ ಅಪ್ಪನಿಗೆ ಬೇಸಾಯಕ್ಕಿಂತ ತತ್ವಪದದಿಂದಲೇ ಹೆಸರು. ಪ್ರತಿ ಸೋಮವಾರ ಸಂಜೆ ಮಠದ ಹಜಾರದಲ್ಲಿ ಭಜನೆ. ಅಪ್ಪ ತಂಬೂರಿಯನ್ನು ಭುಜಕ್ಕೆ ಆನಿಸಿಕೊಂಡು ಒಂದು ಸಾಲು ಹೇಳುತ್ತಿದ್ದ, ಕೂತವರೆಲ್ಲ ಅದನ್ನು ತಿರುಗಿ ಹೇಳುತ್ತಿದ್ದರು. ಪದಗಳ ಮಾತು ಊರಿಗೆಲ್ಲ ಬಾಯಿಪಾಠ. ಧಾಟಿ ಮಾತ್ರ ಅಪ್ಪ ತನ್ನ ಗುರುವಿನ ಮುಂದೆ ಕೂತು ಕಲಿತದ್ದು. ಒಂದೇ ಅಕ್ಷರವನ್ನು ಎಲ್ಲಿಂದ ಎಲ್ಲಿಗೆ ಜಾರಿಸಬೇಕು, ಎಲ್ಲಿ ತಡೆಯಬೇಕು ಎಂಬುದೆಲ್ಲ ಅವನ ಗಂಟಲಲ್ಲಿ ಮಾತ್ರ ಇತ್ತು. ಆಪರೇಷನ್ ಆದಮೇಲೆ ಅವನ ಜಾಗದಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ಮೊಬೈಲಿನಲ್ಲಿ ಯಾರದೋ ಭಕ್ತಿಗೀತೆ ಹಾಕಿ ಅದಕ್ಕೆ ತಾಳ ಕುಟ್ಟುವ ಮಟ್ಟಕ್ಕೆ ಭಜನೆ ಇಳಿಯಿತು.

ಆಸ್ಪತ್ರೆಯವರು ಒಂದು ಯಂತ್ರ ಕೊಟ್ಟಿದ್ದರು. ಕತ್ತಿಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಅದು ಗುಂಯ್‌ಗುಟ್ಟುತ್ತಾ ಮಾತಾಡುತ್ತದೆ. ಅಪ್ಪ ಅದರಲ್ಲಿ ಅವ್ವನನ್ನು ಒಮ್ಮೆ ಕರೆದ. ತನ್ನ ಕರೆ ತನಗೇ ಕೇಳಿಸಿದಾಗ ಅವನ ಮುಖ ಕಪ್ಪಿಟ್ಟಿತು. ಯಂತ್ರ ಬೀರು ಸೇರಿತು, ಸ್ಲೇಟು ಕೈಗೆ ಬಂತು. ತಂಬೂರಿಯ ತಂತಿಗಳನ್ನು ತಾನೇ ಸಡಿಲ ಮಾಡಿ ಗೋಡೆಗೆ ನೇತುಹಾಕಿದ. ಹಾಡುವವನ ಗಂಟಲಿಗೆ ಶ್ರುತಿ ಸೇರಿಸುವ ವಾದ್ಯ ಅದು. ಗಂಟಲೇ ಇಲ್ಲದ ಮೇಲೆ ಅದಕ್ಕೇನು ಕೆಲಸ ಎಂಬುದು ಅವನ ಲೆಕ್ಕ. ಸೋಮವಾರ ಬಂತೆಂದರೆ ಸಂಜೆಗೆ ಮುಂಚೆಯೇ ಒಳಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಊಟವೂ ಅರ್ಧಕ್ಕರ್ಧ ಇಳಿಯಿತು. ಗಂಟಲಿನ ರೋಗ ಬಿಟ್ಟುಹೋದ ಮನುಷ್ಯ ಸುಮ್ಮನೆ ಕೂತು ಕರಗಿಹೋಗುತ್ತಾನೆ ಎಂದು ನನಗೆ ಭಯವಾಯಿತು. ಭಯವಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

ನಾನು ತಾಳವಾಡಿ ಕಡೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮದುವೆ ಬೇಡವೆಂದು ಹಟ ಹಿಡಿದು ಗೆದ್ದು ಅಪ್ಪ ಅವ್ವನ ಜೊತೆಯಲ್ಲೇ ಉಳಿದವಳು. ಹಾಗಾಗಿ ಹಟದ ವಿಷಯದಲ್ಲಿ ನನಗೆ ಅನುಭವವಿದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಒಂದು ಭಾನುವಾರ ಚೀನಾದ ರಾಜವಂಶಗಳ ಪಾಠಕ್ಕೆಂದು ಫೋನಿನಲ್ಲಿ ವಿಡಿಯೊ ಹುಡುಕುತ್ತಿದ್ದೆ. ಒಬ್ಬ ಮುದುಕ ಮೇಜಿನ ಮೇಲೆ ಉದ್ದನೆಯ ಕಪ್ಪು ಹಲಗೆ ಇಟ್ಟುಕೊಂಡು ಕೂತಿದ್ದ. ಹಲಗೆಯ ಮೇಲೆ ಏಳು ತಂತಿ. ಬಲಗೈಯಲ್ಲಿ ಮೀಟಿ, ಎಡಗೈ ಬೆರಳನ್ನು ತಂತಿಯ ಮೇಲೆ ಒತ್ತಿ ಜಾರಿಸಿದ. ಸ್ವರ ಏರಿತು, ನಡುಗಿತು, ಹಿಂದಕ್ಕೆ ಇಳಿಯಿತು. ಒಳಕೋಣೆಯ ಮಂಚ ಕಿರುಗುಟ್ಟಿತು. ಅಪ್ಪ ಬಾಗಿಲಿಗೆ ಬಂದು ನಿಂತಿದ್ದ. ಬೆರಳು ತಿರುಗಿಸಿ, ಇನ್ನೊಮ್ಮೆ ಹಾಕು ಎಂದ. ಹಾಕಿದೆ. ಮತ್ತೆ ಹಾಕು ಎಂದ. ಆ ಮುದುಕನ ಬೆರಳು ಜಾರುವಾಗ ಅಪ್ಪನ ಕೈ ಕತ್ತಿನ ತೂತು ಮುಚ್ಚಿದ ಬಟ್ಟೆಯ ಮೇಲಿತ್ತು. ಬೇರೆ ಯಾವುದನ್ನೂ ಅಪ್ಪ ಅಷ್ಟು ತಿಂಗಳಲ್ಲಿ ಇನ್ನೊಮ್ಮೆ ಎಂದು ಕೇಳಿರಲಿಲ್ಲ. ಆ ಹಲಗೆ ನಮ್ಮ ಮನೆಗೆ ಬರಬೇಕು ಎಂದು ಅಲ್ಲೇ ನಿರ್ಧಾರ ಮಾಡಿದೆ.

ಅದರ ಹೆಸರು ಗುಚಿನ್. 'ಗು' ಎಂದರೆ ಹಳೆಯದು. ಎಷ್ಟು ಹಳೆಯದೆಂದರೆ ಅದರ ಹುಟ್ಟನ್ನು ಪುರಾಣದ ರಾಜರ ತಲೆಗೆ ಕಟ್ಟಿದ್ದಾರೆ. ಮೊದಲು ಐದೇ ತಂತಿ ಇದ್ದವಂತೆ. ಮಗ ಸತ್ತ ದುಃಖಕ್ಕೆ ಒಬ್ಬ ರಾಜ ಆರನೆಯದನ್ನು ಬಿಗಿದ. ಯುದ್ಧಕ್ಕೆ ಹೊರಟ ದಂಡಿಗೆ ಧೈರ್ಯ ಬರಲೆಂದು ಇನ್ನೊಬ್ಬ ಏಳನೆಯದನ್ನು ಬಿಗಿದ. ಮೇಲಿನ ಹಲಗೆ ಬಾಗಿರುತ್ತದೆ, ಅದು ಆಕಾಶ. ಕೆಳಗಿನದು ಚಪ್ಪಟೆ, ಅದು ಭೂಮಿ. ಬೆರಳಿಗೆ ಗುರುತಾಗಲೆಂದು ಚಿಪ್ಪಿನ ಹದಿಮೂರು ಚುಕ್ಕೆ ಕೂರಿಸುತ್ತಾರೆ. ಹನ್ನೆರಡು ತಿಂಗಳಿಗೆ ಹನ್ನೆರಡು, ಹೆಚ್ಚಿನದೊಂದು ಅಧಿಕಮಾಸಕ್ಕೆ. ಇದನ್ನು ಓದಿ ಹೇಳಿದಾಗ ಅವ್ವ ಮೊದಲ ಬಾರಿಗೆ ಕಿವಿಗೊಟ್ಟಳು. "ಅವ್ರಿಗೂ ಅದಿಕಮಾಸ ಬತ್ತದಾ? ಅಂಗಾದ್ರೆ ನಮ್ಮಂತೋರೆ ಬುಡು" ಎಂದಳು.

ಆ ನಾಡಿನಲ್ಲಿ ಓದಿದವನು ಎನ್ನಿಸಿಕೊಳ್ಳಬೇಕಾದರೆ ಇದನ್ನು ನುಡಿಸಲು ಬರಬೇಕಿತ್ತು. ಬಾರದವನೂ ಗೋಡೆಗೊಂದು ನೇತುಹಾಕಿಕೊಳ್ಳುತ್ತಿದ್ದ. ಜಾತ್ರೆಗಾಗಲಿ ಮದುವೆಗಾಗಲಿ ಇದನ್ನು ತರುತ್ತಿರಲಿಲ್ಲ. ಸದ್ದು ತೀರಾ ಮೆತ್ತಗೆ. ತನಗೆ ತಾನೇ, ಹೆಚ್ಚೆಂದರೆ ಎದುರಿಗೆ ಕೂತ ಒಬ್ಬ ಗೆಳೆಯನಿಗೆ. ಒಬ್ಬ ವಾದಕನಿಗೆ ಅಂಥ ಗೆಳೆಯನಿದ್ದನಂತೆ. ಇವನು ಬೆಟ್ಟವನ್ನು ನೆನೆದು ನುಡಿಸಿದರೆ ಅವನಿಗೆ ಬೆಟ್ಟ ಕಾಣುತ್ತಿತ್ತು, ಹೊಳೆಯನ್ನು ನೆನೆದರೆ ಹೊಳೆ. ಆ ಗೆಳೆಯ ತೀರಿಕೊಂಡಾಗ ಇವನು ವಾದ್ಯವನ್ನು ಒಡೆದುಹಾಕಿ ಮತ್ತೆಂದೂ ನುಡಿಸಲಿಲ್ಲ. ಜಗತ್ತೆಲ್ಲ ಈ ಕತೆಯನ್ನು ಕೊಂಡಾಡುತ್ತದೆ. ನನಗಂತೂ ಮೈ ಉರಿಯಿತು. ಸತ್ತವನ ಹೆಸರಲ್ಲಿ ಮರವನ್ನು ಒಡೆಯುವುದು ಯಾವ ಸೀಮೆ ಗೆಳೆತನ? ಒಡೆಯುವುದು ಸುಲಭ, ಗೋಡೆಗೆ ನೇತುಹಾಕುವುದೂ ಸುಲಭ.

ನನಗೆ ಹಿಡಿಸಿದ್ದು ಈಚಿನ ಕತೆ. ಹಳೆಯದೆಲ್ಲ ಬೇಡ ಎಂಬ ಗಾಳಿ ಆ ದೇಶದಲ್ಲಿ ಎದ್ದಾಗ ಗುಚಿನ್‌ಗಳನ್ನೂ ಒಡೆದರು, ಸುಟ್ಟರು. ಕೆಲವರು ಬಚ್ಚಿಟ್ಟರು. ನುಡಿಸುವವರು ಬೆರಳೆಣಿಕೆಯಷ್ಟು ಉಳಿದರು. ಹಳೆಯ ಹಾಡುಗಳಿಗೆ ಲಿಪಿ ಇತ್ತು, ಆದರೆ ಅದರಲ್ಲಿ ಬೆರಳನ್ನು ಎಲ್ಲಿಡಬೇಕು, ಹೇಗೆ ಮೀಟಬೇಕು ಎಂಬುದಷ್ಟೇ ಇರುತ್ತದೆ; ಎಷ್ಟು ಹೊತ್ತು ಎಂಬುದು ಇರುವುದಿಲ್ಲ. ಉಳಿದವರು ಒಂದೊಂದು ಹಾಡಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೂತು ಅದರ ಕಾಲವನ್ನು ಹುಡುಕಿ ತೆಗೆದರು. ಇಂಥವರು ನನ್ನ ಜನ ಅನ್ನಿಸಿತು.

ಕೊಳ್ಳೋಣವೆಂದರೆ ಅದು ನಮ್ಮ ಕೈಗೆ ಎಟುಕುವ ಮಾತಲ್ಲ. ಮಾಡಿಸಬೇಕು. ಹಾಸನೂರಿನಲ್ಲಿ ಒಬ್ಬ ಆಚಾರಿ ಇದ್ದಾರೆ, ಬಾಗಿಲು ಮಂಚ ಮಾಡುವವರು. ಹಿಂದೊಮ್ಮೆ ಅಪ್ಪನ ತಂಬೂರಿಯ ತಂತಿ ಬಿಗಿಯುವ ಬಿರಡೆ ರಿಪೇರಿ ಮಾಡಿಕೊಟ್ಟಿದ್ದರು. ಅವರಿಗೆ ವಿಡಿಯೊ ತೋರಿಸಿದೆ. ಮೇಲಿನ ಹಲಗೆಗೆ ಹಗುರವಾದ, ಹಳೆಯ, ಚೆನ್ನಾಗಿ ಒಣಗಿದ ಮರ ಬೇಕು. ಚೀನಾದವರು ಹಳೆಯ ಗುಡಿಯ ತೊಲೆ, ಹಳೆಯ ಶವಪೆಟ್ಟಿಗೆಯ ಹಲಗೆ ಹುಡುಕಿ ತರುತ್ತಿದ್ದರು ಎಂದೆ.

"ನಿಮ್ಮೋರ್ನ ಕುಂತಂಗೆ ಮಣ್ಣು ಮಾಡ್ತರೆ. ಪೆಟ್ಗೆ ಎಲ್ಲಿಂದ ತತ್ತೀರಿ ಟೀಚರಮ್ಮ?" ಎಂದರು ಆಚಾರಿ.

"ಅದ್ನ ನನಗೆ ಬುಡಿ" ಎಂದೆ.

ನಮ್ಮ ಅಡುಗೆಮನೆಯ ಅಟ್ಟದ ಹಲಗೆಗಳು ಶಿವನೆ ಮರದವು. ತಾತನ ಕಾಲದಿಂದ ಒಲೆಯ ಹೊಗೆ ಕುಡಿದು ಕಪ್ಪಾಗಿದ್ದವು, ಎತ್ತಿದರೆ ಹಗುರ. ಒಲೆಯಲ್ಲಿ ಉರಿಯುತ್ತಿದ್ದ ಕೊರಡಿನ ಸದ್ದು ಕೇಳಿ, ಅದನ್ನು ಬೆಂಕಿಯಿಂದ ಎಳೆದು ಗುಚಿನ್ ಮಾಡಿಸಿದ ಪಂಡಿತನೊಬ್ಬನ ಕತೆ ಚೀನಾದಲ್ಲಿದೆ. ಆ ವಾದ್ಯದ ಬಾಲ ಸುಟ್ಟೇ ಇತ್ತಂತೆ. ನಾನು ಬೆಂಕಿಗೆ ಕೈ ಹಾಕಬೇಕಾಗಿರಲಿಲ್ಲ, ಅವ್ವನನ್ನು ಎದುರಿಸಬೇಕಿತ್ತು. ಬೆಂಕಿಯೇ ವಾಸಿ ಅನ್ನಿಸಿತು.

"ಅಟ್ಟ ಕಿತ್ತಾಕಿ ರಾಗಿ ಮೂಟೆಯ ನಿನ್ ತಲೆ ಮ್ಯಾಲ ಮಡಗ್ಲಾ?" ಎಂದಳು ಅವ್ವ.

"ಒಂದೇ ಅಲ್ಗೆ ಕಣವ್ವ. ಅಪ್ಪನ್ಗೆ."

ಅವ್ವ ಒಳಕೋಣೆಯ ಕಡೆ ನೋಡಿದಳು. ಆಮೇಲೆ ಅವಳೇ ಏಣಿ ತಂದಳು.

ಹಲಗೆಯನ್ನು ಸೀರೆಯಲ್ಲಿ ಸುತ್ತಿ ಹಾಸನೂರಿಗೆ ಬಸ್ಸು ಹತ್ತಿದೆ. ಚೆಕ್‌ಪೋಸ್ಟಿನಲ್ಲಿ ಬಸ್ಸು ಹತ್ತಿದ ಫಾರೆಸ್ಟ್ ಗಾರ್ಡ್‌ನ ಕಣ್ಣು ನೇರವಾಗಿ ಅದರ ಮೇಲೆ ಬಿತ್ತು. "ಎನ್ನ ಮರಂ ಇದು?" ಎಂದ, ಇದೇನು ಮರ ಎಂದು. ಹುಲಿಕಾಡಿನಲ್ಲಿ ಮರ ಸಾಗಿಸುವುದು ತಮಾಷೆಯಲ್ಲ. ಮನೆಯ ಅಟ್ಟದ್ದು, ಹೊಗೆ ನೋಡಿ, ಚೀನಾದ ವಾದ್ಯ ಮಾಡಲು ಒಯ್ಯುತ್ತಿದ್ದೇನೆ ಎಂದು ತಮಿಳಿನಲ್ಲಿ ಹೇಳಿದೆ. ನಿಜವೇ ಸುಳ್ಳಿಗಿಂತ ಹೆಚ್ಚು ಅನುಮಾನ ಹುಟ್ಟಿಸುವಂತಿತ್ತು. ಕೊನೆಗೆ ಆತ ಹಲಗೆಯನ್ನು ಮೂಗಿಗೆ ಹಿಡಿದು ಒಗ್ಗರಣೆ ವಾಸನೆ ಬರುತ್ತಿದೆ ಎಂದು ನಕ್ಕು ಇಳಿದ.

ಚೀನಾದಲ್ಲಿ ಹಲಗೆಗೆ ಅರಗು ಬಳಿಯುತ್ತಾರೆ, ಅರಗಿಗೆ ಜಿಂಕೆಕೊಂಬಿನ ಪುಡಿ ಬೆರೆಸುತ್ತಾರೆ. ಇದನ್ನು ಓದಿ ಹೇಳಿದ್ದಕ್ಕೆ ಆಚಾರಿ ಉಳಿ ಕೆಳಗಿಟ್ಟು ಬೀದಿಯ ಕಡೆ ನೋಡಿದರು. "ಆ ಮಾತ ಇಲ್ಲಿ ಆಡ್ಬ್ಯಾಡಿ. ಇಬ್ರೂ ಒಳಗೋಯ್ತೀವಿ" ಎಂದರು. ವಾರ್ನಿಷ್ ಬಳಿದೆವು. ಕೆಳಗಿನ ಹಲಗೆಗೆ ಹಲಸಿನ ಮರ ಹಾಕಿದರು. ಚಿಪ್ಪಿನ ಬದಲು ಅಪ್ಪನ ಹಳೆಯ ಅಂಗಿಗಳ ಗುಂಡಿ ಕೂರಿಸಿದೆವು, ಹದಿಮೂರನ್ನೂ. ಚೀನಾದ್ದರಲ್ಲಿ ಬಿರಡೆಗಳು ಹಲಗೆಯ ಅಡಿಯಲ್ಲಿರುತ್ತವೆ. ಆಚಾರಿ ತಂಬೂರಿಗೆ ಇಡುವಂಥ ದಪ್ಪ ಬಿರಡೆಗಳನ್ನು ತಲೆಯ ಬದಿಗೆ ಇಟ್ಟರು. ನಾನು ಜಗಳವಾಡಿದೆ. ಕೂತು ಕೈಗೆಟುಕದ ಬಿರಡೆ ಯಾಕೆ ಎಂದು ಅವರೂ ಜಗಳವಾಡಿದರು. ಬಿರಡೆ ಬದಿಗೇ ಉಳಿಯಿತು.

ತಂತಿ ರೇಷ್ಮೆಯದೇ ಇರಲಿ ಎಂದು ನನ್ನ ಹಟ. ಸಾವಿರಾರು ವರ್ಷ ಅವರು ರೇಷ್ಮೆಯ ತಂತಿಯನ್ನೇ ಕಟ್ಟಿದ್ದರು, ನಮ್ಮ ಸುತ್ತಲೂ ಹಿಪ್ಪುನೇರಳೆ ತೋಟಗಳಿವೆ, ಇನ್ನೇನು ಬೇಕು? ಕೊಳ್ಳೇಗಾಲದಿಂದ ನೂಲು ತರಿಸಿ, ಹೊಸೆದು, ಅಂಟಿನಲ್ಲಿ ಬೇಯಿಸಿದೆ. ಮೊದಲನೆಯದು ಬಿಚ್ಚಿಕೊಂಡಿತು, ಎರಡನೆಯದು ಮೀಟಿದ ಕೂಡಲೆ ಕಿತ್ತು ನನ್ನ ಕೈಗೆ ಬಾರಿಸಿತು. ಚೀನಾದವರೇ ಈಚೆಗೆ ಉಕ್ಕಿಗೆ ತಿರುಗಿದ್ದಾರೆ ಎಂದು ಓದಿ ಸಮಾಧಾನಪಟ್ಟು, ಮೈಸೂರಿನಿಂದ ವೀಣೆಯ ತಂತಿ ತಂದೆ.

ಗುಚಿನ್ ಮನೆಗೆ ಬಂದ ದಿನ ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ತುಂಬಾ ಹೊತ್ತು ಸವರಿದ. ಆಮೇಲೆ ಎತ್ತಿ ಭುಜಕ್ಕೆ ಆನಿಸಲು ನೋಡಿದ. ಅಲ್ಲ ಅಪ್ಪ, ಅದನ್ನು ಮಲಗಿಸಬೇಕು ಎಂದು ಕಿತ್ತು ಕೆಳಗಿಟ್ಟೆ. ಜಗಳ ಶುರುವಾದದ್ದು ಅಲ್ಲಿಂದ.

ಏಳು ತಂತಿಗೆ ಏಳು ಸ್ವರ ಬೇರೆಬೇರೆ ಇರಬೇಕು. ಐದು ಸ್ವರದ ಸಾಲು, ಮೇಲೆ ಎರಡು. ನಾನು ಬೆಳಗ್ಗೆ ಶಾಲೆಗೆ ಹೊರಡುವ ಮುಂಚೆ ಫೋನಿನ ಸಹಾಯದಿಂದ ಒಂದೊಂದನ್ನೂ ಸೇರಿಸಿಟ್ಟು ಹೋಗುತ್ತಿದ್ದೆ. ಸಂಜೆ ಬಂದು ನೋಡಿದರೆ ಅಪ್ಪ ಏಳನ್ನೂ ತಿರುಗಿಸಿ ಒಂದೇ ಶ್ರುತಿಗೆ ತಂದಿರುತ್ತಿದ್ದ. ಷಡ್ಜ, ಪಂಚಮ, ಮತ್ತೆ ಷಡ್ಜ; ತನ್ನ ಹಳೆಯ ಗಂಟಲಿನ ಶ್ರುತಿ. ಮೀಟಿದರೆ ಜೊಂಯ್ ಎಂದು ದೊಡ್ಡ ತಂಬೂರಿಯ ಸದ್ದು. ಅವನ ಪಾಲಿಗೆ ತಂತಿ ಇರುವುದೇ ಶ್ರುತಿ ಹಿಡಿಯಲಿಕ್ಕೆ. ನಾನು ಮತ್ತೆ ಸರಿಮಾಡುತ್ತಿದ್ದೆ. ಅವನು ಮತ್ತೆ ಕೆಡಿಸುತ್ತಿದ್ದ. ಮಾತಿಲ್ಲದ ಮನುಷ್ಯನ ಜೊತೆ ಜಗಳ ಆಡುವಷ್ಟು ಕಷ್ಟ ಇನ್ನೊಂದಿಲ್ಲ. ಬೈದರೆ ಸ್ಲೇಟನ್ನು ಮಗುಚಿ ಹಾಕಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

"ಇದು ಸಾವಿರಾರು ವರ್ಸದ ವಾದ್ಯ ಅಪ್ಪ. ಅದಕ್ಕೆ ಅದರದೇ ನ್ಯಾಯ ಅದೆ" ಎಂದು ಒಂದು ದಿನ ಕೂಗಾಡಿದೆ.

ಅವನು ಸ್ಲೇಟಿನ ಮೇಲೆ ಬರೆದ: "ಸುರುತಿ ಇಲ್ದೆ ಎಲ್ಲಿ ನಿಂತ್ಕಂಡು ನುಡೀಲಿ?"

ಆ ರಾತ್ರಿ ನನಗೆ ಸೋಲಿನ ರುಚಿ ಹತ್ತಿತು. ಅಪ್ಪ ಹಲಗೆಯನ್ನೂ ಗೋಡೆಗೆ ನೇತುಹಾಕಿಬಿಟ್ಟರೆ ಮುಂದೆ ಕೊಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಆದರೂ ಬೆಳಗ್ಗೆ ಎದ್ದು ತಂತಿ ಸರಿಮಾಡಿಯೇ ಶಾಲೆಗೆ ಹೋದೆ.

ಅದಾದ ಸ್ವಲ್ಪ ದಿನಕ್ಕೆ, ಊರ ಪಕ್ಕದ ಕಬ್ಬಿಗೆ ಆನೆ ಇಳಿದಿದೆಯೆಂದು ಶಾಲೆಯನ್ನು ಮಧ್ಯಾಹ್ನವೇ ಬಿಟ್ಟರು. ಮನೆಯಂಗಳಕ್ಕೆ ಕಾಲಿಟ್ಟಾಗ ಒಳಗಿನಿಂದ ಒಂದು ಪದ ಕೇಳಿಸಿತು. ಅಪ್ಪನ ಪದ. ಆರು ತಂತಿ ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿದ್ದವು, ಏಳನೆಯದರ ಮೇಲೆ ಅವನ ಹೆಬ್ಬೆರಳು ಅಂಗಿ ಗುಂಡಿಗಳನ್ನು ದಾಟಿ ಮೇಲಕ್ಕೂ ಕೆಳಕ್ಕೂ ಜಾರುತ್ತಿತ್ತು. ಯಾವ ಅಕ್ಷರ ಎಲ್ಲಿಂದ ಏರಬೇಕೋ ಅಲ್ಲಿಂದಲೇ ಏರಿತು, ಎಲ್ಲಿ ತಡೆಯಬೇಕೋ ಅಲ್ಲೇ ತಡೆಯಿತು. ಚೀನಾದ ಯಾವ ಗುರುವೂ ಇದನ್ನು ಒಪ್ಪುತ್ತಿರಲಿಲ್ಲ. ನನ್ನ ಚಪ್ಪಲಿ ಕಾಲಲ್ಲೇ ಇತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಡುಗೆಮನೆಯಲ್ಲಿ ಅವ್ವ ರಾಗಿ ಕೇರುತ್ತಾ ಬಾಯೊಳಗೇ ಆ ಪದದ ಮಾತುಗಳನ್ನು ಗೊಣಗುತ್ತಿದ್ದಳು. ಅವಳು ಒಬ್ಬಳೇ ಹಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮಾರನೆಯ ದಿನದಿಂದ ನಾನು ಬಿರಡೆ ಮುಟ್ಟಲಿಲ್ಲ.

"ಸೋಮವಾರ ಮಟಕ್ಕೆ ಓಗನ" ಎಂದೆ ಅಪ್ಪನಿಗೆ. ಅವನು ಬರದಿದ್ದರೆ ಹಲಗೆಯನ್ನು ನಾನೇ ಹೊತ್ತುಕೊಂಡು ಹೋಗಿ ಅವನ ಜಾಗದಲ್ಲಿಡುತ್ತೇನೆ ಎಂದೆ. ನಾನು ಮಾಡುವವಳೇ ಎಂದು ಅವನಿಗೆ ಗೊತ್ತಿತ್ತು. ಸೋಮವಾರ ಸಂಜೆ ಕತ್ತಿಗೆ ಒಗೆದ ಬಟ್ಟೆ ಸುತ್ತಿಕೊಂಡು, ವಿಭೂತಿ ಹಚ್ಚಿಕೊಂಡು ಜಗಲಿಗೆ ಬಂದು ನಿಂತ. ಹಲಗೆಯನ್ನು ನನ್ನ ಕೈಗೆ ಕೊಡಲಿಲ್ಲ, ತಾನೇ ಹೊತ್ತ.

ಹಜಾರದಲ್ಲಿ ಅವನ ಜಾಗ ಖಾಲಿ ಇತ್ತು. ಗಂಡಸರು ಸರಿದು ದಾರಿ ಬಿಟ್ಟರು. ಹೆಂಗಸರು ಎಂದಿನ ಹಾಗೆ ಗೋಡೆ ಬದಿಗೆ. ಅಲ್ಲಿ ಹೆಂಗಸರು ಕೇಳುತ್ತಾರೆ, ಮೆಲ್ಲಗೆ ದನಿ ಕೂಡಿಸುತ್ತಾರೆ, ಸಾಲು ಹೇಳುವುದಿಲ್ಲ. ನಾನೂ ಅವ್ವನೂ ಅಲ್ಲೇ ಕೂತೆವು. ಯಾರೋ ಮೈಕು ತಂದರು. ಅಪ್ಪ ಕೈ ಅಡ್ಡ ಹಿಡಿದ. ಫ್ಯಾನಿನ ಸದ್ದಿಗೆ ಹಲಗೆ ಕೇಳುವುದಿಲ್ಲವೆಂದು ಫ್ಯಾನ್ ನಿಲ್ಲಿಸಿದರು. ಒಬ್ಬನೇ ಗೆಳೆಯನಿಗೆಂದು ಹುಟ್ಟಿದ ವಾದ್ಯದ ಮುಂದೆ ಹಜಾರ ತುಂಬಾ ಜನ ಕೂತಿದ್ದರು.

ಅಪ್ಪ ಮೊದಲ ಸಾಲು ನುಡಿಸಿ ನಿಲ್ಲಿಸಿದ. ಈಗ ಅವರು ತಿರುಗಿ ಹೇಳಬೇಕು. ಯಾರೂ ಹೇಳಲಿಲ್ಲ. ಅಪ್ಪ ಅದೇ ಸಾಲನ್ನು ಇನ್ನೊಮ್ಮೆ ನುಡಿಸಿದ. ತಾಳದವನು ತಾಳ ಹಿಡಿದೇ ಕೂತಿದ್ದ. ಅಪ್ಪನ ಪಕ್ಕದ ಹಿರಿಯರು ಮೆಲ್ಲಗೆ ಹೇಳಿದರು: "ದಾಟಿ ಅದೇ ಕಣಪ್ಪ, ನಿಂದೆಯ. ಆದ್ರೆ ಮುಂದಾಳು ಮಾತ ಕೊಡ್ದೆ ನಾವೆಂಗೆ ಎತ್ಕಳದು? ಅಂಗೆ ಎತ್ಕಂಡ್ರೆ ನಿನ್ ಜಾಗಕ್ಕೆ ನಾವು ಕೈ ಆಕ್ದಂಗಾಯ್ತದೆ."

ಅವರ ಮಾತಿನಲ್ಲಿ ಗೌರವವಿತ್ತು. ಆ ಗೌರವವೇ ಅಪ್ಪನನ್ನು ಮುಗಿಸುತ್ತಿತ್ತು. ಅವನ ಹೆಬ್ಬೆರಳು ತಂತಿಯಿಂದ ಮೇಲೆದ್ದಿತು. ನಾನು ಬಾಯಿ ತೆರೆದೆ, ಆದರೆ ನನಗೆ ಆ ಧಾಟಿ ಬಾರದು. ಇತಿಹಾಸ ಬರುತ್ತದೆ, ಪದ ಬಾರದು.

ಪಕ್ಕದಲ್ಲಿ ಅವ್ವ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಹೊಲಕ್ಕೆ ಇಳಿಯುವಾಗ ಸಿಕ್ಕಿಸಿಕೊಳ್ಳುವ ಹಾಗೆ. "ಮುಂದಾಳು ಬಂದವ್ನೆ. ಮಾತ ನಾನ್ ಕೊಡ್ತೀನಿ" ಎಂದಳು. ಎಂದವಳೇ ಮೊದಲ ಸಾಲನ್ನು ಗಟ್ಟಿಯಾಗಿ ಎತ್ತಿದಳು.

ಮನೆಯಲ್ಲಿ ವರ್ಷಗಟ್ಟಲೆ ಕೇಳಿಸಿಕೊಂಡ ಧಾಟಿ ಒಂದು ಕೂದಲಿನಷ್ಟೂ ತಪ್ಪಲಿಲ್ಲ. ಆದರೆ ಶ್ರುತಿ ಎಲ್ಲೋ ಮೇಲೆ ಹೋಯಿತು. ಮನೆಯಲ್ಲಿ ಗೊಣಗುವಾಗ ಅಪ್ಪನ ತಗ್ಗಿನ ಶ್ರುತಿಗೆ ಅವಳು ಬಗ್ಗುತ್ತಿದ್ದಳು. ಎದ್ದು ನಿಂತು ಎದೆಯಿಂದ ಹಾಡಿದಾಗ ಅವಳ ದನಿ ಅದರದೇ ಎತ್ತರಕ್ಕೆ ಏರಿತು. ಹಲಗೆ ಒಂದು ಕಡೆ, ಅವಳು ಒಂದು ಕಡೆ. ಯಾರೋ ಒಬ್ಬರು ಕೆಮ್ಮಿದರು. ಅವ್ವನಿಗೂ ತಿಳಿಯಿತು. ಸಾಲಿನ ನಡುವೆಯೇ ನಿಂತುಬಿಟ್ಟಳು.

ಅಪ್ಪ ಹಲಗೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಒಂದು ಬಿರಡೆ ಹಿಡಿದು ತಿರುಗಿಸಿದ. ಮೀಟಿದ, ಅವ್ವನ ಕಡೆ ಕಿವಿ ಬಾಗಿಸಿದ, ಇನ್ನೂ ಸ್ವಲ್ಪ ತಿರುಗಿಸಿದ. ಎಷ್ಟು ಜಗಳವಾಡಿದರೂ ನನಗಾಗಿ ತನ್ನ ಗಂಟಲಿನ ಶ್ರುತಿಯನ್ನು ಬಿಟ್ಟುಕೊಡದವನು. ಬಿರಡೆ ಕಿರುಗುಟ್ಟುತ್ತಿತ್ತು, ತಂತಿ ಕಿತ್ತುಹೋಗುತ್ತದೆಂದು ನಾನು ಹೆದರಿದೆ, ಅದು ಕೀಳಲಿಲ್ಲ. ಒಂದಾದ ಮೇಲೊಂದು ಏಳೂ ತಂತಿಗಳನ್ನು ಅವ್ವನ ಗಂಟಲಿಗೆ ಸೇರಿಸಿದ. ಆಮೇಲೆ ತಲೆ ಎತ್ತಿ ಅವಳನ್ನು ನೋಡಿ, ಈಗ ಹೇಳು ಎಂದು ಕೈ ಮಾಡಿದ.